ಹಿತ್ತಲಿಗೆ ಎಂಥ ಟಿಲ್ಲರ್ ಬೇಕು?

ಮಿನಿ ಟಿಲ್ಲರ್ ನೋಡಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಎಚ್‌ಪಿ. ಐದು, ಏಳು, ಒಂಬತ್ತು ಎಂದು ಏರುತ್ತಾ ಹೋಗುತ್ತಾರೆ, ಜೊತೆಗೆ ಬೆಲೆಯೂ ಏರುತ್ತದೆ. ತುಮಕೂರಿನ ಹೊರವಲಯದಲ್ಲಿ ನಮ್ಮದು ಹತ್ತು ಗುಂಟೆಯೊಳಗಿನ ಕೆಂಪುಮಣ್ಣಿನ ಹಿತ್ತಲು. ಅಲ್ಲಿ ಬದನೆ, ಟೊಮೆಟೊ, ಬೀನ್ಸ್, ಸೊಪ್ಪು ಬೆಳೆಯುತ್ತಾ ನನಗೆ ಮನವರಿಕೆಯಾದದ್ದು ಏನೆಂದರೆ, ಮನೆ ತರಕಾರಿಗೆ ಎಚ್‌ಪಿ ಕೊನೆಗೆ ಕೇಳಬೇಕಾದ ಪ್ರಶ್ನೆ. ಸಾಲುಗಳ ನಡುವೆ ಎಷ್ಟು ಜಾಗವಿದೆ, ಮಣ್ಣು ಎಂಥದು, ಕಳೆ ಯಾವುದು, ಯಂತ್ರ ಹಿಡಿಯುವವರು ಯಾರು ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ನಾನು ಕೊಳ್ಳುವ ಮೊದಲು ಬಾಡಿಗೆಗೆ ತಂದು ಓಡಿಸಿ ನೋಡಿದೆ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಬಹುದು, ಅಲ್ಲಿ ಇಲ್ಲದಿದ್ದರೆ ಸುತ್ತಲಿನ ಅಡಿಕೆ ತೋಟದವರ ಬಳಿ ಇದ್ದೇ ಇರುತ್ತದೆ. ಅಂಗಡಿಯ ಮುಂದಿನ ಸಡಿಲ ಮಣ್ಣಿನಲ್ಲಿ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಓಡುತ್ತವೆ. ನಮ್ಮ ನೆಲದಲ್ಲಿ, ನಮ್ಮ ಕಲ್ಲಿನ ಮೇಲೆ ಓಡಿಸಿದಾಗಲೇ ನಿಜ ಗೊತ್ತಾಗುವುದು.

ಹಿತ್ತಲಿಗೆ ಹೊಂದುವ ಟಿಲ್ಲರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಚಕ್ರದ ಜಾಗದಲ್ಲೇ ಬ್ಲೇಡುಗಳು ಕೂತಿರುತ್ತವೆ. ಅಗೆಯುವುದೂ ಅವೇ, ಯಂತ್ರವನ್ನು ಮುಂದಕ್ಕೆ ಎಳೆಯುವುದೂ ಅವೇ. ಹಾಗಾಗಿ ಗಟ್ಟಿ ನೆಲ ಸಿಕ್ಕಿದರೆ ಅಗೆಯುವ ಬದಲು ನೆಗೆದು ಮುಂದೋಡುತ್ತದೆ. ಇದನ್ನು ಹಿಡಿತದಲ್ಲಿಡುವುದು ಹಿಂದೆ ಇಳಿಬಿಟ್ಟಿರುವ ಕಬ್ಬಿಣದ ಕಡ್ಡಿ. ಹ್ಯಾಂಡಲ್ ಒತ್ತಿ ಕಡ್ಡಿಯನ್ನು ನೆಲಕ್ಕೆ ಊರಿದರೆ ಯಂತ್ರ ನಿಂತಲ್ಲೇ ಆಳಕ್ಕೆ ಇಳಿಯುತ್ತದೆ, ಸಡಿಲ ಬಿಟ್ಟರೆ ಮುಂದೆ ಹೋಗುತ್ತದೆ. ಈ ಒತ್ತು–ಬಿಡು ಕೈಗೆ ಹತ್ತುವವರೆಗೆ ಭುಜ ನೋಯುತ್ತದೆ, ಹತ್ತಿದ ಮೇಲೆ ಆಯಾಸವಿಲ್ಲ. ಇನ್ನೊಂದು ಬಗೆಗೆ ಅಂಗಡಿಯವರು ಬ್ಯಾಕ್ ರೋಟರಿ ಎನ್ನುತ್ತಾರೆ. ಅದರಲ್ಲಿ ಚಕ್ರಗಳು ಎಳೆಯುತ್ತವೆ, ಬ್ಲೇಡು ಹಿಂದೆ ಅಗೆಯುತ್ತದೆ. ಗಟ್ಟಿ ನೆಲಕ್ಕೆ ಅದೇ ವಾಸಿ. ಆದರೆ ತೂಕ ಹೆಚ್ಚು, ತಿರುಗಿಸಲು ಜಾಗವೂ ಹೆಚ್ಚು ಬೇಕು. ಪಾತಿಗಳ ನಡುವೆ ನುಸುಳಬೇಕಾದ ನಮ್ಮಂಥ ತೋಟಕ್ಕೆ ನಾನು ಮೊದಲನೆಯ ಬಗೆಯನ್ನೇ ಆರಿಸಿದೆ.

ಅಗಲದ ಲೆಕ್ಕವನ್ನು ಟೇಪು ಹಿಡಿದೇ ಮಾಡಬೇಕು. ಟೊಮೆಟೊ ಸಾಲುಗಳ ನಡುವೆ ಎರಡೂವರೆ ಅಡಿ ಬಿಟ್ಟಿದ್ದರೆ, ಗಿಡ ಹರಡಿದ ಮೇಲೆ ಉಳಿಯುವುದು ಅದಕ್ಕಿಂತ ಕಡಿಮೆ. ಹೊರಗಿನ ಬ್ಲೇಡುಗಳನ್ನು ಕಳಚಿ ಅಗಲ ಕಿರಿದು ಮಾಡಲು ಬರುವ ಯಂತ್ರವನ್ನೇ ಕೊಳ್ಳಿ. ರಿವರ್ಸ್ ಗೇರ್ ಇರಲಿ. ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ಸಿಕ್ಕಿಕೊಂಡ ಅರವತ್ತು ಎಪ್ಪತ್ತು ಕೆಜಿ ಭಾರವನ್ನು ಒಬ್ಬರೇ ಹಿಂದಕ್ಕೆ ಎಳೆಯುವುದು ಸುಲಭವಲ್ಲ. ಮನೆಯಲ್ಲಿ ಯಾರು ಹೆಚ್ಚು ಓಡಿಸುತ್ತಾರೋ ಅವರ ಕೈಯಲ್ಲೇ ಸ್ಟಾರ್ಟರ್ ಹಗ್ಗ ಎಳೆಸಿ, ಹ್ಯಾಂಡಲ್ ಅವರ ಸೊಂಟದ ಎತ್ತರಕ್ಕೆ ಬರುತ್ತದೆಯೇ ಎಂದು ನೋಡಬೇಕು.

ಕಳೆಯ ವಿಷಯದಲ್ಲಿ ಮಾತ್ರ ಟಿಲ್ಲರ್ ಅನ್ನು ಕಣ್ಣುಮುಚ್ಚಿ ನಂಬಬಾರದು. ಸಣ್ಣ ಸೊಪ್ಪುಕಳೆಯನ್ನು ಅದು ಚೆನ್ನಾಗಿ ಮಗುಚುತ್ತದೆ. ಗರಿಕೆ ಮತ್ತು ಜೇಕಿನ ಕಥೆ ಬೇರೆ. ಬ್ಲೇಡು ಗರಿಕೆಯ ಬಳ್ಳಿಬೇರನ್ನು ತುಂಡು ತುಂಡು ಮಾಡುತ್ತದೆ, ನೆಲದಲ್ಲಿ ತೇವವಿದ್ದರೆ ಗೆಣ್ಣುಳ್ಳ ತುಂಡುಗಳೆಲ್ಲ ಹೊಸ ಗಿಡಗಳಾಗುತ್ತವೆ. ಜೇಕಿನ ಗಡ್ಡೆಗಳನ್ನು ಸರದಂತೆ ಪೋಣಿಸಿದ ಬೇರು ಕಡಿದುಹೋದರೆ ಅಲ್ಲಿಯವರೆಗೆ ಸುಮ್ಮನಿದ್ದ ಗಡ್ಡೆಗಳೂ ಚಿಗುರುತ್ತವೆ. ಒಂದು ಮೂಲೆಯಲ್ಲಿದ್ದ ಕಳೆಯನ್ನು ಇಡೀ ತೋಟಕ್ಕೆ ಬಿತ್ತಿದಂತಾಗುತ್ತದೆ. ಅದಕ್ಕೇ ಇವೆರಡೂ ಇರುವ ಜಾಗವನ್ನು ನಾವು ಬೇಸಿಗೆಯಲ್ಲಿ, ಮಳೆಯ ಸುಳಿವೇ ಇಲ್ಲದಾಗ ಗುದ್ದಲಿಯಿಂದ ಅಗೆದು, ಬೇರು ಗಡ್ಡೆಗಳನ್ನು ಆರಿಸಿ, ಉಳಿದವನ್ನು ಬಿಸಿಲಿಗೆ ಒಣಗಲು ಬಿಡುತ್ತೇವೆ. ಟಿಲ್ಲರ್ ಇಳಿಯುವುದು ಆಮೇಲೆ.

ಮಣ್ಣು ಹದಕ್ಕೆ ಬಂದಿದೆಯೇ ಎಂಬುದನ್ನು ಅಂಗೈಯಲ್ಲೇ ತಿಳಿಯಬಹುದು. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಹೆಬ್ಬೆರಳಿಂದ ಒತ್ತಿದರೆ ಉದುರಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಹಸಿ ಇದೆ ಎಂದರ್ಥ, ಆಗ ಓಡಿಸಿದರೆ ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆ. ಹಾಗೆಂದು ಹಿಟ್ಟಾಗುವವರೆಗೆ ಓಡಿಸುವುದೂ ಸರಿಯಲ್ಲ. ಹಿಟ್ಟಾದ ಕೆಂಪುಮಣ್ಣು ಜೋರುಮಳೆಗೆ ಹೆಪ್ಪುಗಟ್ಟಿ, ಸೊಪ್ಪಿನ ಸಣ್ಣ ಬೀಜ ಮೇಲೇಳಲಾರದು. ವರ್ಷವರ್ಷವೂ ಒಂದೇ ಆಳಕ್ಕೆ ಓಡಿಸಿದರೆ ಬ್ಲೇಡಿನ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಕೊಟ್ಟಿಗೆ ಗೊಬ್ಬರ ಸೇರಿಸುವಾಗ ಒಮ್ಮೆ ಓಡಿಸಿ, ನಂತರ ತರಗೆಲೆ ಮುಚ್ಚಿಗೆ ಹಾಕಿ ಎರೆಹುಳುಗಳಿಗೆ ಬಿಟ್ಟುಕೊಡುವುದು ನನ್ನ ರೂಢಿ.

ಇನ್ನು ಇಂಜಿನ್. ಬ್ರಷ್ ಕಟರ್‌ಗೆ ಜೋಡಿಸುವ ಟೂ ಸ್ಟ್ರೋಕ್ ಟಿಲ್ಲರ್ ಆಗಲೇ ಸಡಿಲವಾಗಿರುವ ಮಣ್ಣಿಗೆ ಸಾಕು. ಪ್ರತಿ ಸಲ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಅಷ್ಟೆ. ಹೊಸ ನೆಲಕ್ಕೆ ಐದರಿಂದ ಏಳು ಎಚ್‌ಪಿಯ ಫೋರ್ ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಧಾರಾಳ. ಡೀಸೆಲ್‌ನದು ಬಾಳಿಕೆ ಬರುತ್ತದಾದರೂ ಹಿತ್ತಲಿಗೆ ಭಾರ ಜಾಸ್ತಿ. 163 ಸಿಸಿಯ ಹೋಂಡಾ ಜಿಎಕ್ಸ್160ಯಂಥ, ನೀರಿನ ಪಂಪು ಮತ್ತು ಜನರೇಟರ್‌ಗಳಲ್ಲೂ ಬಳಸುವ ಇಂಜಿನ್ ಆದರೆ ರಿಪೇರಿ ಕಷ್ಟವಲ್ಲ. ಅದಕ್ಕೆ ಮೊದಲ 20 ಗಂಟೆಗೆ ಆಯಿಲ್ ಬದಲಿಸಬೇಕು, ಆಮೇಲೆ 100 ಗಂಟೆಗೊಮ್ಮೆ. ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬರು ಹೇಳಿದ್ದರು: “ಬ್ಲೇಡು ಸವೆದೇ ಸವೆಯುತ್ತೆ ಸಾರ್. ಅವತ್ತು ಎಲ್ಲಿ ಸಿಗುತ್ತೆ ಅಂತ ಇವತ್ತೇ ಕೇಳ್ಕೊಳಿ.” ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಯಂತ್ರಗಳನ್ನು ನಾನು ಬಿಟ್ಟದ್ದು ಈ ಮಾತಿಗಾಗಿಯೇ.

ಹೊಲದ ಪಹಣಿ ಇರುವವರು ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನ ವಿಚಾರಿಸಿಯೇ ಕೊಳ್ಳಿ. ಎರಡು ಗುಂಟೆಯೊಳಗಿನ ತೋಟವಾದರೆ ಟಿಲ್ಲರ್ ಬೇಡವೇ ಬೇಡ, ಒಳ್ಳೆಯ ಗುದ್ದಲಿ ಸಾಕು. ಕೊಂಡವರಲ್ಲಿ ನನ್ನದೊಂದು ಕೋರಿಕೆ: ಚಪ್ಪಲಿಯಲ್ಲಿ ಓಡಿಸಬೇಡಿ, ಗಟ್ಟಿ ಬೂಟು ಹಾಕಿ. ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸುವ ಮುನ್ನ ಇಂಜಿನ್ ನಿಲ್ಲಿಸಿ, ಪ್ಲಗ್ಗಿನ ವೈರ್ ಕಳಚಿ, ಆಮೇಲೆ ಕೈ ಹಾಕಿ.