ನೇಟಿವ್ ಜಾಹೀರಾತು, ಆಡ್ ಸರ್ವರ್: ಆಯ್ಕೆಗೆ ಮುನ್ನ ವಿಚಾರಿಸಬೇಕಾದುದು

ಅಂತರ್ಜಾಲದಲ್ಲಿ ವ್ಯಾಪಾರವನ್ನಾರಂಭಿಸಿದ ವರ್ತಕರು ಜಾಹೀರಾತಿಗೆಂದು ಒಂದಿಷ್ಟು ಹಣವನ್ನು ಎತ್ತಿಟ್ಟು, ಅದನ್ನು ಎಲ್ಲಿ ವಿನಿಯೋಗಿಸಬೇಕೆಂದು ವಿಚಾರಿಸತೊಡಗಿದಾಗ, ಟಬೂಲಾ, ಔಟ್‌ಬ್ರೇನ್, ಎಂಜಿಐಡಿ ಎಂಬ ಹೆಸರುಗಳನ್ನೂ ಗೂಗಲ್ ಆಡ್ ಮ್ಯಾನೇಜರ್, ಕೆವೆಲ್, ರಿವೈವ್ ಎಂಬ ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಇವುಗಳಲ್ಲಿ ಉತ್ತಮವಾದುದು ಯಾವುದೆಂದು ಕೇಳುವುದುಂಟು. ಪ್ರಶ್ನೆಯ ಈ ರೂಪವೇ ಸರಿಯಾದುದಲ್ಲ. ಮೊದಲಿನ ಮೂರು, ಅನ್ಯರ ಸುದ್ದಿತಾಣಗಳನ್ನು ಓದುತ್ತಿರುವ ವಾಚಕರನ್ನು ನಮ್ಮ ಅಂಗಡಿಯ ಕಡೆಗೆ ಕರೆತರುವ ನೇಟಿವ್ ಜಾಹೀರಾತಿನ ಜಾಲಗಳು. ಉಳಿದ ಮೂರು, ತಾಣವೊಂದರ ಯಾವ ಸ್ಥಳದಲ್ಲಿ ಯಾರ ಜಾಹೀರಾತು ಎಷ್ಟು ಸಲ ಕಾಣಬೇಕೆಂಬುದನ್ನು ಕ್ಷಣಮಾತ್ರದಲ್ಲಿ ನಿರ್ಣಯಿಸಿ ಲೆಕ್ಕವಿಡುವ, ಆಡ್ ಸರ್ವರ್ ಎಂಬ ವ್ಯವಸ್ಥೆಗಳು. ಸಂತೆಯಲ್ಲಿ ಸರಕನ್ನು ಹರಡಿ ಕುಳಿತುಕೊಳ್ಳುವವನ ಕೆಲಸ ಬೇರೆ, ಸಂತೆಯ ಜಾಗವನ್ನು ಹಂಚಿ ಸುಂಕ ಬರೆದುಕೊಳ್ಳುವವನ ಕೆಲಸ ಬೇರೆ. ಆದಕಾರಣ ಮೊದಲ ಹೆಜ್ಜೆ, ತಾನು ಈ ಎರಡರಲ್ಲಿ ಯಾವ ಪಕ್ಷದವನೆಂಬುದನ್ನು ನಿಶ್ಚಯಿಸಿಕೊಳ್ಳುವುದು. ಸರಕು ಮಾತ್ರ ಇದ್ದು ಓದುಗರಿಲ್ಲದವನಿಗೆ ಆಡ್ ಸರ್ವರಿನಿಂದ ಸದ್ಯಕ್ಕೆ ಪ್ರಯೋಜನವಿಲ್ಲ. ಓದುಗರಿದ್ದು, ಅವರ ಮುಂದೆ ಪರರ ಜಾಹೀರಾತನ್ನಿಡಲು ಸ್ಥಳವಿದ್ದವನಿಗೆ ಅದು ಅವಶ್ಯಕ.

ಈ ಎರಡು ಪದ್ಧತಿಗಳು ಹುಟ್ಟಿದ ಬಗೆಯನ್ನು ತಿಳಿದರೆ ಅವುಗಳ ಸ್ವಭಾವವೂ ತಿಳಿಯುತ್ತದೆ. 1994ರ ಅಕ್ಟೋಬರಿನಲ್ಲಿ ಅಮೆರಿಕದ ಹಾಟ್‌ವೈರ್ಡ್ ತಾಣದಲ್ಲಿ ಎಟಿ ಅಂಡ್ ಟಿ ಸಂಸ್ಥೆಯ ಬ್ಯಾನರ್ ಪ್ರಕಟವಾದ ಬಳಿಕ ಇಂಥ ಬ್ಯಾನರುಗಳು ಎಲ್ಲೆಡೆಯೂ ಹಬ್ಬಿ, ಅವನ್ನು ಹಂಚಿ ಎಣಿಸುವ ಕಾರ್ಯಕ್ಕಾಗಿ 1996ರಲ್ಲಿ ಡಬಲ್‌ಕ್ಲಿಕ್ ಸ್ಥಾಪಿತವಾಯಿತು. ಅದನ್ನು 2008ರಲ್ಲಿ ತನ್ನದಾಗಿಸಿಕೊಂಡ ಗೂಗಲ್, 2018ರಲ್ಲಿ ಅದರ ಪ್ರಕಾಶಕರ ವಿಭಾಗಕ್ಕೆ ಆಡ್ ಮ್ಯಾನೇಜರ್ ಎಂಬ ಹೆಸರನ್ನಿತ್ತಿತು. ಇತ್ತ ವಾಚಕರ ಕಣ್ಣು ಬ್ಯಾನರುಗಳನ್ನು ನೋಡಿಯೂ ನೋಡದಂತೆ ಸರಿಯುವುದನ್ನು ಅಭ್ಯಾಸ ಮಾಡಿಕೊಂಡಿತು. ಲೇಖನದ ಕೆಳಗೆ ಇನ್ನೊಂದು ಲೇಖನದ ಶೀರ್ಷಿಕೆಯಂತೆಯೇ ತೋರುವ ಜಾಹೀರಾತಿಗೆ ಅವಕಾಶವುಂಟಾದದ್ದು ಹೀಗೆ. 2006ರಲ್ಲಿ ಔಟ್‌ಬ್ರೇನ್, 2007ರಲ್ಲಿ ಟಬೂಲಾ ಜನಿಸಿದವು. ಔಟ್‌ಬ್ರೇನ್ 2025ರಲ್ಲಿ ಟೀಡ್ಸ್ ಎಂಬ ಸಂಸ್ಥೆಯನ್ನು ಕೊಂಡು ಅದರ ಹೆಸರನ್ನೇ ಧರಿಸಿರುವುದರಿಂದ ಹಳೆಯ ಹೆಸರನ್ನು ಹುಡುಕುವವರು ಗೊಂದಲಪಡಬೇಕಾಗಿಲ್ಲ.

ಎರಡನೆಯ ಹೆಜ್ಜೆ, ಹಣವನ್ನು ತೊಡಗಿಸುವುದಕ್ಕೆ ಮೊದಲು ಕಾಗದದ ಮೇಲೆ ಲೆಕ್ಕ ಮಾಡುವುದು. ಚಿಕ್ಕಮಗಳೂರಿನಿಂದ ಫಿಲ್ಟರ್ ಕಾಫಿಪುಡಿಯನ್ನು ಕೊರಿಯರ್ ಮೂಲಕ ಕಳುಹಿಸುವ ವರ್ತಕನೊಬ್ಬನಿಗೆ ಒಂದು ಕ್ಲಿಕ್ಕಿಗೆ 4 ರೂಪಾಯಿ ಬೀಳುತ್ತದೆಂದೂ, ಬಂದ ನೂರು ಜನರಲ್ಲಿ ಒಬ್ಬನು ಕೊಳ್ಳುತ್ತಾನೆಂದೂ ಇಟ್ಟುಕೊಳ್ಳೋಣ. ಆಗ ಒಂದು ಆರ್ಡರಿಗೆ ತಗಲುವ ವೆಚ್ಚ 400 ರೂಪಾಯಿ. ಬೀಜ, ಹುರಿಯುವುದು, ಪೊಟ್ಟಣ, ಸಾಗಣೆ ಎಲ್ಲವನ್ನೂ ಕಳೆದು ಪೊಟ್ಟಣವೊಂದಕ್ಕೆ ಅವನ ಕೈಯಲ್ಲಿ 110 ರೂಪಾಯಿ ಉಳಿಯುವುದಾದರೆ, ಮೊದಲ ಮಾರಾಟದಲ್ಲಿ 290 ರೂಪಾಯಿಯ ನಷ್ಟ ನಿಶ್ಚಿತ. ಅದೇ ಗಿರಾಕಿಯು ನಾಲ್ಕನೆಯ ಸಲ ಕೊಂಡಾಗ ಮಾತ್ರ ಅಸಲು ಹುಟ್ಟುತ್ತದೆ. ಜಾಹೀರಾತು ಸೇವೆಯ ಮೇಲೆ ತೆರಬೇಕಾದ ಶೇಕಡ 18ರ ಜಿಎಸ್‌ಟಿಯನ್ನು ನೋಂದಾಯಿತ ವರ್ತಕನು ನಿಯಮಾನುಸಾರ ಹೊಂದಿಸಿಕೊಳ್ಳಬಹುದಾದರೂ, ಮೊದಲು ಕೈಯಿಂದ ಹೊರಡುವ ಹಣದಲ್ಲಿ ಅದೂ ಸೇರಿರುವುದು ನೆನಪಿರಲಿ. ಮತ್ತೆ ಮತ್ತೆ ಕೊಳ್ಳುವ ಕಾಫಿಪುಡಿಗೆ ಈ ಮಾರ್ಗವು ಸಹನೆಯಿಂದ ಫಲಿಸಬಹುದು. ಒಮ್ಮೆ ಕೊಂಡರೆ ಹತ್ತು ವರ್ಷ ಬಾಳುವ, ಲಾಭವೂ ಅಲ್ಪವಾಗಿರುವ ವಸ್ತುವಿಗೆ ಫಲಿಸದು. ಬರುವವನ ಮನಃಸ್ಥಿತಿಯನ್ನೂ ಗಮನಿಸಬೇಕು. ಗೂಗಲ್ಲಿನಲ್ಲಿ ಹುಡುಕುವವನು ಬೇಕೆಂದೇ ಹುಡುಕುತ್ತಾನೆ. ನೇಟಿವ್ ಜಾಹೀರಾತನ್ನು ಒತ್ತಿದವನಾದರೋ ಬೇರೇನನ್ನೋ ಓದುತ್ತಿದ್ದು ಕುತೂಹಲದಿಂದ ಬಂದವನು. ಅವನನ್ನು ಒಮ್ಮೆಲೇ ಬೆಲೆಯ ಪುಟಕ್ಕೆ ಒಯ್ಯದೆ, ಪೀಬರಿಗೂ ಪ್ಲಾಂಟೇಶನ್ ಬೀಜಕ್ಕೂ ಇರುವ ಭೇದವೇನು, ಚಿಕೋರಿ ಎಷ್ಟು ಬೆರೆತರೆ ಡಿಕಾಕ್ಷನ್ ಗಟ್ಟಿಯಾಗುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ತಿಳಿಸುವ ಪುಟಕ್ಕೆ ಒಯ್ಯುವುದು ಯುಕ್ತ.

ಪ್ರಯೋಗದ ಕ್ರಮವೇ ಮೂರನೆಯ ಹೆಜ್ಜೆ. ಆಯಾ ಜಾಲವು ಕೊಡುವ ಪಿಕ್ಸೆಲ್ ಎಂಬ ಸಂಕೇತವನ್ನು ಆರ್ಡರ್ ದೃಢಪಟ್ಟ ಪುಟದಲ್ಲಿ ಅಳವಡಿಸಿ, ಪ್ರತಿಯೊಂದು ಜಾಹೀರಾತಿನ ಕೊಂಡಿಗೂ ಅದರ ಮೂಲವನ್ನು ಸೂಚಿಸುವ ಯುಟಿಎಂ ಗುರುತನ್ನು ಹಚ್ಚಿ, ಕಳೆದುಕೊಂಡರೂ ವ್ಯಾಪಾರಕ್ಕೆ ಧಕ್ಕೆ ಬಾರದಷ್ಟು ಮೊತ್ತದಿಂದ ತೊಡಗತಕ್ಕದ್ದು. ಒಂದೇ ಸರಕಿಗೆ ಎರಡು ಮೂರು ಶೀರ್ಷಿಕೆಗಳನ್ನೂ ಚಿತ್ರಗಳನ್ನೂ ಒಟ್ಟಿಗೆ ಬಿಟ್ಟು ನೋಡಿ, ಯಾವ ತಾಣದಿಂದ ಕ್ಲಿಕ್ಕುಗಳು ಧಾರಾಳವಾಗಿ ಬಂದು ಆರ್ಡರುಗಳು ಬಾರದಿರುವುವೋ ಅಂತಹ ತಾಣವನ್ನು ನಿರ್ಬಂಧಿತ ಪಟ್ಟಿಗೆ ಸೇರಿಸುವುದು ಅವಶ್ಯಕ. ಕೈತಪ್ಪಿ ಒತ್ತಿದ ಕ್ಲಿಕ್ಕಿಗೂ ಹಣ ತೆರಬೇಕಾಗುತ್ತದೆ. ಕನ್ನಡದಲ್ಲಿ ಶೀರ್ಷಿಕೆ ಬರೆಯುವವರು ಮತ್ತೊಂದು ಸೂಕ್ಷ್ಮವನ್ನು ಗಮನಿಸಬೇಕು. ಆಂಗ್ಲ ಲಿಪಿಯ ಎತ್ತರಕ್ಕೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ನಮ್ಮ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುವುದುಂಟು. ಚಿಕ್ಕಮಗಳೂರಿನ ಕಕಾರದ ಒತ್ತು ಅರ್ಧ ಮಾಯವಾಗಿ, ಸಾಲಿನ ಕಡೆಯ ಪದ ಮೂರು ಚುಕ್ಕಿಗಳಲ್ಲಿ ಲೀನವಾದರೆ, ಎಷ್ಟು ಸೊಗಸಾದ ವಾಕ್ಯವಾದರೂ ವ್ಯರ್ಥವೇ. ಕಡಮೆ ಬೆಲೆಯ ಮೊಬೈಲಿನಲ್ಲಿ ತೆರೆದು ಕಣ್ಣಾರೆ ನೋಡಿದ ಹೊರತು ಪ್ರಕಟಣೆಗೆ ಅನುಮತಿ ಕೊಡಬಾರದು.

ಲಾಭದ ಲೆಕ್ಕಕ್ಕಿಂತಲೂ ಮೊದಲೇ ಹೇಳಬೇಕಾಗಿದ್ದ ಮಾತೊಂದಿದೆ. ಲೇಖನದಂತೆ ತೋರುವುದೇ ನೇಟಿವ್ ಜಾಹೀರಾತಿನ ಬಲವಾದುದರಿಂದ, ವಂಚನೆಯ ದಾರಿಯೂ ಅಲ್ಲಿಯೇ ತೆರೆದಿರುತ್ತದೆ. ಭಾರತದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಹೆಸರಿಸಿದ 13 ಬಗೆಯ ವಂಚಕ ವಿನ್ಯಾಸಗಳ ಪೈಕಿ ವೇಷ ಮರೆಸಿಕೊಂಡ ಜಾಹೀರಾತೂ ಒಂದು. ‘ಪ್ರಾಯೋಜಿತ’ ಎಂಬ ಸೂಚನೆಯು ವಾಚಕನಿಗೆ ಸ್ಪಷ್ಟವಾಗಿ ಕಾಣಬೇಕು. ಶೀರ್ಷಿಕೆಯಲ್ಲಿ ಕೊಟ್ಟ ಭರವಸೆಯನ್ನು ಒಳಗಿನ ಪುಟ ಪೂರೈಸಬೇಕು. ಒಂದೇ ವಾರದಲ್ಲಿ ಮಂಡಿನೋವು ಮಾಯವೆಂದು ಸಾರುವ ಶೀರ್ಷಿಕೆಯನ್ನು ಒತ್ತುವವರು ಹೆಚ್ಚೆಂಬುದು ನಿಜವಾದರೂ, ನೋವಿನಿಂದ ಬಳಲುವ ವೃದ್ಧರ ಆಸೆಯನ್ನು ಹೀಗೆ ದುಡಿಸಿಕೊಳ್ಳುವುದು ವ್ಯಾಪಾರವೆನಿಸಿಕೊಳ್ಳಲು ಅರ್ಹವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ತಾಣದ ಒಡೆಯರ ವಿಚಾರ. ಓದುಗರು ಅಲ್ಪಸಂಖ್ಯೆಯಲ್ಲಿರುವಾಗ, ತಾಣದಲ್ಲಿ ತಾನೇ ಜಾಹೀರಾತು ತುಂಬುವ ಗೂಗಲ್ಲಿನ ಆಡ್‌ಸೆನ್ಸ್ ಸೇವೆ ಸಾಕು. ನೇರವಾಗಿ ಜಾಹೀರಾತು ಕೊಡುವ ನಾಲ್ಕಾರು ಅಂಗಡಿಗಳು ದೊರೆತ ಮೇಲೆ ಆಡ್ ಸರ್ವರಿನ ಅವಶ್ಯಕತೆ ತಲೆದೋರುತ್ತದೆ. ಊರಿನ ಬಟ್ಟೆ ಅಂಗಡಿಯವರು ಹಬ್ಬದ ತಿಂಗಳಿಗೆ ಕೊಂಡ ಜಾಗಕ್ಕೆ ಪ್ರಥಮ ಸ್ಥಾನ, ಅದು ಮುಗಿದ ಸಮಯಕ್ಕೆ ಹರಾಜಿನ ಮೂಲಕ ಬರುವ ಜಾಹೀರಾತು, ಯಾವುದೂ ಇಲ್ಲದಾಗ ತಾಣದ ಸ್ವಂತ ಪ್ರಕಟಣೆ, ಒಬ್ಬನೇ ಓದುಗನಿಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ತೋರಿಸಬಾರದೆಂಬ ಮಿತಿ, ಇವೆಲ್ಲವನ್ನೂ ಅದು ಪಾಲಿಸುತ್ತದೆ. ಗೂಗಲ್ಲಿನ ಆಡ್ ಮ್ಯಾನೇಜರ್ ಸಣ್ಣ ಪ್ರಕಾಶಕರಿಗೆ ಉಚಿತ. ರಿವೈವ್ ಮುಕ್ತ ತಂತ್ರಾಂಶವಾದುದರಿಂದ ಅದಕ್ಕೂ ಶುಲ್ಕವಿಲ್ಲ, ಲೆಕ್ಕದ ದಾಖಲೆಗಳೆಲ್ಲವೂ ನಮ್ಮ ಸರ್ವರಿನಲ್ಲಿಯೇ ಇರುತ್ತವೆ. ಆದರೆ ಅದರ ರಕ್ಷಣೆ, ನವೀಕರಣಗಳ ಹೊಣೆಯೂ ನಮ್ಮದೇ. ಬಲ್ಲವನೊಬ್ಬನು ಜೊತೆಯಲ್ಲಿಲ್ಲದಿದ್ದರೆ ಅದಕ್ಕೆ ಕೈಹಾಕದಿರುವುದು ಲೇಸು. ಯಾವುದನ್ನು ಆರಿಸಿದರೂ, ನಮ್ಮ ಸ್ಥಳವನ್ನು ಮಾರಲು ಯಾರಿಗೆ ಅಧಿಕಾರವಿದೆಯೆಂದು ಸಾರುವ ಆಡ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಚಿಕ್ಕ ಕಡತವನ್ನು ತಾಣದ ಮೂಲದಲ್ಲಿಡಬೇಕು. 2017ರಲ್ಲಿ ಆರಂಭವಾದ ಈ ಪದ್ಧತಿಯು ನಮ್ಮ ಹೆಸರಿನಲ್ಲಿ ಅನ್ಯರು ನಕಲಿ ಸ್ಥಳವನ್ನು ಮಾರುವುದನ್ನು ತಡೆಯುತ್ತದೆ.

ಕಡೆಯದಾಗಿ, ಜಾಹೀರಾತು ಎಷ್ಟು ಸಲ ಕಂಡಿತೆಂಬ ಬಗ್ಗೆ ಜಾಹೀರಾತುದಾರನ ಎಣಿಕೆಯೂ ತಾಣದ ಎಣಿಕೆಯೂ ಸರಿಯಾಗಿ ಹೊಂದುವುದು ಅಪರೂಪ. ಪುಟ ಪೂರ್ತಿ ತೆರೆಯುವ ಮೊದಲೇ ಓದುಗನು ಹೊರಟುಹೋದರೆ ಒಂದು ಯಂತ್ರ ಎಣಿಸಿರುತ್ತದೆ, ಇನ್ನೊಂದು ಎಣಿಸಿರುವುದಿಲ್ಲ. ಜಾಹೀರಾತು ತಡೆಯುವ ತಂತ್ರಾಂಶಗಳೂ ಈ ವ್ಯತ್ಯಾಸವನ್ನು ಹೆಚ್ಚಿಸುತ್ತವೆ. ಆದುದರಿಂದ ಬಿಲ್ಲಿಗೆ ಯಾರ ಎಣಿಕೆ ಪ್ರಮಾಣ, ಶೇಕಡ ಎಷ್ಟು ವ್ಯತ್ಯಾಸವಾದರೆ ಕುಳಿತು ಪರಿಶೀಲಿಸತಕ್ಕದ್ದು ಎಂಬುದನ್ನು ಮೊದಲ ಜಾಹೀರಾತು ಪ್ರಕಟವಾಗುವುದಕ್ಕೆ ಮುಂಚೆಯೇ ಕರಾರಿನಲ್ಲಿ ಬರೆಯಿಸಿಕೊಂಡಿರಬೇಕು.