ಪತ್ರದ ಬದಲು ಒಂದು ಹಾಡು

ಅಮೆರಿಕದ ಮಿನ್ನೆಸೋಟದ ಕಥೋಲಿಕ ಹುಡುಗ ಝಾಕ್ ಸೋಬಿಯೆಕ್‌ಗೆ 2009ರಲ್ಲಿ, 14ನೇ ವಯಸ್ಸಿನಲ್ಲಿ, ಮೂಳೆ ಕ್ಯಾನ್ಸರ್ ಇರುವುದು ತಿಳಿಯಿತು. ಕೀಮೋಥೆರಪಿ, ಶಸ್ತ್ರಚಿಕಿತ್ಸೆಗಳ ನಡುವೆಯೇ ಅವನು ಗಿಟಾರ್ ನುಡಿಸುತ್ತಾ ಗೆಳೆಯರೊಡನೆ ಹಾಡು ಕಟ್ಟುತ್ತಿದ್ದ. 2012ರಲ್ಲಿ ವೈದ್ಯರು ಹೆಚ್ಚೆಂದರೆ ಇನ್ನೊಂದು ವರ್ಷ ಎಂದರು. ಪ್ರೀತಿಪಾತ್ರರಿಗೆ ವಿದಾಯದ ಪತ್ರ ಬರೆದಿಡು ಎಂದು ತಾಯಿ ಸೂಚಿಸಿದರು. ಅವನು ಬರೆದದ್ದು ‘ಕ್ಲೌಡ್ಸ್’ ಎಂಬ ಹಾಡು. 2013ರ ಮೇ 20ರಂದು, 18ನೇ ವಯಸ್ಸಿನಲ್ಲಿ, ತೀರಿಕೊಂಡ. ಆ ಹಾಡಿನಿಂದ ಬಂದ ಹಣ ಮೂಳೆ ಕ್ಯಾನ್ಸರ್ ಸಂಶೋಧನೆಗೆ ನೆರವಾಯಿತು.

ಹಾಡಿದ್ದರಿಂದ ಅವನ ರೋಗ ವಾಸಿಯಾಗಲಿಲ್ಲ. ವಾಸಿಯಾದ ಮೇಲೆ ಹಾಡೋಣವೆಂದು ಅವನು ಕಾಯಲೂ ಇಲ್ಲ. ನಾವಾದರೋ ಮನೆಯಲ್ಲಿ ಮಕ್ಕಳು ಕಾಯಿಲೆ ಬಿದ್ದರೆ, “ಮೊದಲು ಗುಣವಾಗಲಿ, ಆಮೇಲೆ ಹಾಡು, ಆಟ” ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳಿದರೂ, ಇರುವ ದಿನಗಳನ್ನು ಬರೀ ಕಾಯುವಿಕೆಯಾಗಿಸುತ್ತೇವೆ. ದಿನಗಳನ್ನು ಎಣಿಸಲು ಕಲಿಸೆಂದು 90ನೇ ಕೀರ್ತನೆ ಬೇಡುತ್ತದೆ. ಹೆದರಲು ಅಲ್ಲ, ವಿವೇಕದಿಂದ ಬಾಳಲು.

ಚಿಂತನೆಗೆ:
1. ಗುಣವಾಗಲಿ ಎಂದು ನಾವು ಯಾರ ಯಾವ ಆಸೆಯನ್ನು ಮುಂದೂಡಿದ್ದೇವೆ?
2. ನಮ್ಮ ಕನ್ನಡ ಗಾನವೃಂದದಿಂದ ಕಾಯಿಲೆಯ ಕಾರಣ ದೂರ ಉಳಿದವರು ಯಾರು? ಈ ಭಾನುವಾರ ಅವರ ಮನೆಗೇ ಹೋಗಿ, ಅವರಿಗಾಗಿ ಅಲ್ಲ, ಅವರ ಜೊತೆ ಒಂದು ಗೀತೆ ಹಾಡೋಣವೇ?