ಕೇಳುವವರಿಗೂ ಮಾನವಿದೆ

ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ತಾಯಿ ಮೊದಲು ತೊಟ್ಟಿಲು, ಆಮೇಲೆ ಅಕ್ಕಿಬೇಳೆ, ಈಗ ದುಡ್ಡು ಕೇಳಿದ್ದಾರೆ ಎಂದು ಬೇಸರದಿಂದ ಬರೆದಿದ್ದೀರಿ. ದಯವಿಟ್ಟು ಎಲ್ಲರೆದುರು "ಇದು ನಿಜವಾ?" ಅಂತ ಕೇಳಬೇಡಿ. ಅಷ್ಟು ಜನರ ಮುಂದೆ ಕೈಚಾಚುವುದೇ ಎಷ್ಟು ಸಂಕಟ! ನೇರವಾಗಿ ಫೋನ್ ಮಾಡಿ ಮಾತಾಡಿ. ದನಿ ಕೇಳಿದರೆ, ಬೇರೆ ಯಾರಾದರೂ ಅವರ ಖಾತೆ ಕದ್ದು ಹಣ ಕೇಳುತ್ತಿದ್ದಾರೆಯೇ ಎಂಬುದೂ ತಿಳಿಯುತ್ತದೆ. ಯಾರಾದರೂ ಈಗಾಗಲೇ ದುಡ್ಡು ಹಾಕಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಕಷ್ಟ ನಿಜವಾಗಿದ್ದು, ದುಡ್ಡು ಮಕ್ಕಳ ಶಾಲೆಯ ಫೀಸಿಗಾದರೆ ಅದನ್ನು ಶಾಲೆಗೇ ಕಟ್ಟಿ. ಆಗದಿದ್ದರೆ "ಈ ತಿಂಗಳು ಆಗಲ್ಲಮ್ಮ" ಅನ್ನಿ, ಸಾಕು. ಪದೇಪದೇ ಕೇಳುತ್ತಾರೆಂಬ ಸಿಟ್ಟನ್ನು ಮಾತ್ರ ನಾನು ಒಪ್ಪಲಾರೆ. ಮನೆ ಬಾಡಿಗೆಯೂ ತಿಂಗಳು ತಿಂಗಳು ಬರುತ್ತದಲ್ಲ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಅವರಿಗೆ ಬರುತ್ತಿದೆಯೇ ವಿಚಾರಿಸಿ. ಇಲ್ಲವೆಂದರೆ ಅರ್ಜಿ ಹಾಕಲು ಒಂದು ಬೆಳಿಗ್ಗೆ ಜೊತೆಗೆ ಹೋಗಿ.